ಗಡಗಡ ಎನ್ನದ ಲ್ಯಾಪ್‌ಟಾಪ್

"ಎಲ್ರೂ ಎರಡು ಹೆಜ್ಜೆ ಹಿಂದಕ್ಕೆ ನಿಂತ್ಕೊಳ್ಳಿ!" ಎಂದು ನಿಜಗುಣಪ್ಪನವರು ಗುಡುಗಿದರು.

ಎಲ್ಲರೂ ಎಂದರೆ ಅಲ್ಲಿದ್ದವಳು ದಾಕ್ಷಾಯಣಿ ಒಬ್ಬಳೇ. ತಿಪಟೂರಿನ ಆ ಮನೆಯ ಹಿತ್ತಲ ಕೋಣೆಯಲ್ಲಿ ಹಿಂದಕ್ಕೆ ಹೋಗಲು ಜಾಗವಾದರೂ ಎಲ್ಲಿತ್ತು? ಒಂದು ಕಡೆ ಗೋಣಿಚೀಲ, ಇನ್ನೊಂದು ಕಡೆ ತೆಂಗಿನ ಮಟ್ಟೆಯ ರಾಶಿ, ನಡುವೆ ದೊಡ್ಡಪ್ಪ ಬಿಚ್ಚಿ ಹಾಕಿ ಮರೆತುಬಿಟ್ಟ ರೇಡಿಯೋಗಳು. ಆದರೂ ಹಿರಿಯರ ಮಾತು ಮೀರಬಾರದೆಂದು ಅವಳು ಹೊಟ್ಟೆ ಒಳಗೆಳೆದುಕೊಂಡು ಗೋಡೆಗೆ ಅಂಟಿ ನಿಂತಳು.

ನಿಜಗುಣಪ್ಪನವರು ಟವೆಲ್ಲಿನ ಮುಸುಕು ಎಳೆದರು. ಸ್ಟೂಲಿನ ಮೇಲೆ ಹತ್ತು ಲೀಟರಿನ ಹಳೇ ಕುಕ್ಕರೊಂದು ಕೂತಿತ್ತು. ಅದರ ಎರಡೂ ಪಕ್ಕದಿಂದ ಛತ್ರಿ ಕಡ್ಡಿಯಲ್ಲಿ ಮಾಡಿದ ಎರಡು ಕೈ, ಕೈಗೆ ರಬ್ಬರ್ ಗ್ಲೌಸು. ಹೊಟ್ಟೆಯಿಂದ ಡಾಕ್ಟರರ ಸ್ಟೆತಾಸ್ಕೋಪು ನೇತಾಡುತ್ತಿತ್ತು. ನೆತ್ತಿಯ ಮೇಲೆ, ವಿಷಲ್ ಇರಬೇಕಾದ ಜಾಗದಲ್ಲಿ, ಆಟೋದಿಂದ ಬಿಚ್ಚಿದ ಸ್ಪೀಕರು!

"ಇದರ ಹೆಸರು ಗುಣಗ್ರಾಹಿ! ಯಾವುದಕ್ಕೆ ಹೆಚ್ಚು ಕೊಡಬಹುದು, ಯಾವುದಕ್ಕೆ ಕೊಡಬಾರದು ಅಂತ ಹೇಳುತ್ತೆ. ಇನ್ಮೇಲೆ ಯಾವ ಅಂಗಡಿಯೋನೂ ನಿನಗೆ ಟೋಪಿ ಹಾಕೋಕಾಗಲ್ಲ ಕಣಮ್ಮ!"

ದಾಕ್ಷಾಯಣಿಗೆ ನಗು ಬಂತು, ಆದರೆ ಅದಕ್ಕಿಂತ ಹೆಚ್ಚಾಗಿ ಕುತೂಹಲ ಬಂತು. ದೊಡ್ಡಪ್ಪನ ಕಿವಿಯ ವಿಷಯ ಊರಿಗೇ ಗೊತ್ತು. ತಿಪಟೂರು ಎಂದರೆ ಉಂಡೆ ಕೊಬ್ಬರಿ. ಕಾಯಿಯನ್ನು ತಿಂಗಳುಗಟ್ಟಲೆ ಅಟ್ಟದ ಮೇಲೆ ಹಾಕಿದರೆ ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು ಉಂಡೆಯಾಗುತ್ತದೆ. ಆಗ ಅಲುಗಾಡಿಸಿದರೆ ಗಡಗಡ ಎನ್ನುತ್ತದೆ. ಗಡಗಡ ಎಂದರೆ ಒಣಗಿದ ಮಾಲು, ಎನ್ನದಿದ್ದರೆ ಹಸಿ. ನಿಜಗುಣಪ್ಪನವರು ಕೊಬ್ಬರಿ ಮಂಡಿಯಲ್ಲಿ ನಲವತ್ತು ವರ್ಷ ಅದನ್ನೇ ಮಾಡಿದವರು. ಬಡಿದು, ಅಲುಗಾಡಿಸಿ, ಕಿವಿಗೊಟ್ಟು, 'ಏ ಒನ್' ಅಂದರೆ ಏ ಒನ್. ಅವರ ಮಾತಿನ ಮೇಲೆ ಇನ್ನೊಬ್ಬರ ಮಾತಿರಲಿಲ್ಲ.

"ಹೋದ ಸುಗ್ಗಿ ಪೂರ್ತಿ ಕಿವಿಗೆ ಮೈಕು, ಕೈಗೆ ವೈರು ಕಟ್ಕೊಂಡು ಕೆಲಸ ಮಾಡಿದೀನಿ. ನಾನು ಏನೇನು ಕೇಳಿದೆ, ಏನೇನು ಮಾಡಿದೆ, ಎಲ್ಲಾ ಇದು ಕಲ್ತಿದೆ. ನಿಮ್ಮ ದೊಡ್ಡಮ್ಮ ಒಂದು ಗಂಟೆಗೆ ಊಟಕ್ಕೆ ಕೂಗೋದು ಕೂಡ ಇದರ ತಲೇಲಿದೆ!"

"ಈಗ ಕೂಗ್ತಿಲ್ವಲ್ಲ ದೊಡ್ಡಪ್ಪ?"

ನಿಜಗುಣಪ್ಪನವರು ಅಡುಗೆಮನೆಯ ಕಡೆ ಕಳ್ಳನೋಟ ಬೀರಿ ದನಿ ತಗ್ಗಿಸಿದರು. "ಮೂರು ದಿನ ಆಯ್ತು ಮಾತು ಬಿಟ್ಟು. ಇದರ ಕೈ ಆಡಿಸೋಕೆ ಒಂದು ಮೋಟಾರ್ ಬೇಕಿತ್ತು. ಮಿಕ್ಸಿ ಸುಮ್ನೆ ಕೂತಿತ್ತು..."

ಅಡುಗೆಮನೆಯಲ್ಲಿ ತಟ್ಟೆಯೊಂದು ಠಣ್ ಎಂದಿತು. ದೊಡ್ಡಮ್ಮ ಶಿವಗಂಗಮ್ಮನವರು ಒರಳಿನಲ್ಲಿ ಚಟ್ನಿ ರುಬ್ಬುತ್ತಿದ್ದರು. ರುಬ್ಬುವ ರಭಸ ನೋಡಿದರೆ ಒರಳೊಳಗೆ ಕಾಯಿ ಬದಲು ಬೇರೆ ಯಾರನ್ನೋ ಹಾಕಿಕೊಂಡಂತಿತ್ತು.

ಪ್ರದರ್ಶನ ಶುರುವಾಯಿತು. ಕೆಂಪು ಸ್ವಿಚ್ಚು ಒತ್ತಿದ್ದೇ ಗುಣಗ್ರಾಹಿ ಮೊದಲ ಕಾಯಿ ಎತ್ತಿಕೊಂಡಿತು, ಬೆರಳಿನ ಗೆಣ್ಣಿನಿಂದ ಟಕ್ ಟಕ್ ಎಂದು ಬಡಿಯಿತು, ಸ್ಟೆತಾಸ್ಕೋಪು ಇಟ್ಟು ಅಲುಗಾಡಿಸಿತು. "ಹಸಿ! ಇನ್ನೂ ಎಂಟು ತಿಂಗಳು ಅಟ್ಟದ ಮೇಲಿಡಿ!" ದನಿ ಸಾಕ್ಷಾತ್ ದೊಡ್ಡಪ್ಪನದೇ, ಸ್ವಲ್ಪ ನೆಗಡಿಯಾದಂತೆ. ಎರಡನೆಯ ಕಾಯಿ ಗಡಗಡ ಎಂದಿತು. "ಏ ಒನ್ ಮಾಲು! ಕೊಡಬಹುದು!" ಎಂದ ಯಂತ್ರ ಅಷ್ಟಕ್ಕೇ ಬಿಡಲಿಲ್ಲ. ಮಟ್ಟೆ ಸುಲಿದು, ಚಿಪ್ಪನ್ನು ಸುತ್ತಲೂ ಹದವಾಗಿ ಬಡಿದು ಬಿಡಿಸಿ, ಒಳಗಿನ ಉಂಡೆಯನ್ನು ತಟ್ಟೆಯಲ್ಲಿಟ್ಟಿತು. ಉಂಡೆಗೆ ಒಂದು ಗೀರೂ ಬಿದ್ದಿರಲಿಲ್ಲ!

"ನೋಡ್ದಾ? ಒಣಗಿದ್ದು ಅಂತ ಗೊತ್ತಾದ್ಮೇಲೆ ಒಡೀಲೇಬೇಕು. ಅದೇ ಕಸುಬು," ಎಂದು ಬೀಗುತ್ತ ನಿಜಗುಣಪ್ಪನವರು ಉಂಡೆ ಎತ್ತಿಕೊಳ್ಳಲು ಬಗ್ಗಿದರು. ಎದುರಿಗೆ ದುಂಡಗೆ, ನುಣ್ಣಗೆ ಬಂದ ಅವರ ಬೋಳುತಲೆಯನ್ನು ಗುಣಗ್ರಾಹಿ ಎರಡೂ ಕೈಯಲ್ಲಿ ಹಿಡಿದುಕೊಂಡಿತು. ಟಕ್ ಟಕ್. ಕಿವಿಗೊಟ್ಟಿತು.

"ಪೂರ್ತಿ ಒಣಗಿದೆ! ಕೊಡಬಹುದು!"

ಮುಂದಿನ ಕೆಲಸಕ್ಕೆ ಅದು ಕೈ ಎತ್ತುವಷ್ಟರಲ್ಲಿ ದಾಕ್ಷಾಯಣಿ ಹಾರಿ ಕೆಂಪು ಸ್ವಿಚ್ಚು ಒತ್ತಿದಳು. ಅಡುಗೆಮನೆಯಲ್ಲಿ ಒರಳು ನಿಂತಿತು. ಮೂರು ದಿನದಲ್ಲಿ ಮೊದಲ ಬಾರಿಗೆ ಅಲ್ಲಿಂದ ನಗು ಕೇಳಿಸಿತು.

ಇಷ್ಟೆಲ್ಲ ಆದದ್ದು ದಾಕ್ಷಾಯಣಿಯ ಲ್ಯಾಪ್‌ಟಾಪಿನ ದೆಸೆಯಿಂದ. ಅವಳು ಬಸ್‌ಸ್ಟ್ಯಾಂಡ್ ಹತ್ತಿರ ಡಿಟಿಪಿ ಅಂಗಡಿ ಇಟ್ಟಿದ್ದಳು. ಲಗ್ನಪತ್ರಿಕೆ, ನಾಮಕರಣ, ತಿಥಿ ಕಾರ್ಡು, ಹೀಗೆ ಊರಿನವರ ಸುಖದುಃಖವೆಲ್ಲ ಅವಳ ಬೆರಳಿನಿಂದಲೇ ಅಚ್ಚಿಗೆ ಹೋಗುತ್ತಿತ್ತು. ಈಗ ಅವಳು ಓದಿದ ಹೆಣ್ಣುಮಕ್ಕಳ ಶಾಲೆಗೆ ನೂರು ವರ್ಷ. ಸ್ಮರಣ ಸಂಚಿಕೆಯ ಕೆಲಸ ಅವಳಿಗೆ ಸಿಕ್ಕಿತ್ತು: ಮುನ್ನೂರು ಪುಟ, ನಾನೂರಹನ್ನೆರಡು ಹಳೇ ಫೋಟೋ. ಮನೆಮನೆಗೆ ಹೋಗಿ ಫೋಟೋ ಕೇಳಿ ತಂದು, ಸ್ಕ್ಯಾನ್ ಮಾಡಿ, ಆಯಾ ಮನೆಗೆ ವಾಪಸ್ ಕೊಟ್ಟಿದ್ದಳು.

ಅದರಲ್ಲೊಂದು ಫೋಟೋದಲ್ಲಿ ಮುಂದಿನ ಸಾಲಿನಲ್ಲಿ ಎರಡು ಜಡೆ ಹಾಕಿಕೊಂಡು, ಒಂದು ಕಾಲಿಗೆ ಮಾತ್ರ ಚಪ್ಪಲಿ ಮೆಟ್ಟಿಕೊಂಡು ಕೂತ ಹುಡುಗಿಯೊಬ್ಬಳಿದ್ದಳು. ಅದು ದಾಕ್ಷಾಯಣಿಯ ಅಮ್ಮ. ತೀರಿಕೊಂಡು ಆರು ವರ್ಷವಾಗಿತ್ತು. ಅಮ್ಮನನ್ನು ಅಷ್ಟು ಚಿಕ್ಕವಳಾಗಿ ಅವಳು ಎಂದೂ ನೋಡಿರಲಿಲ್ಲ, ನೋಡಿದ ದಿನ ಅಂಗಡಿಯ ಬಾಗಿಲು ಎಳೆದುಕೊಂಡು ಚೆನ್ನಾಗಿ ಅತ್ತಿದ್ದಳು. ಆ ಫೋಟೋ ಕೊಟ್ಟಿದ್ದ ಮೇಷ್ಟರ ಮನೆಯವರು ಆಮೇಲೆ ಊರು ಬಿಟ್ಟು ಹೋಗಿದ್ದರು. ವಿಳಾಸ ಯಾರಿಗೂ ಗೊತ್ತಿರಲಿಲ್ಲ.

ತೊಂದರೆ ಏನೆಂದರೆ ಅವಳ ಹಳೇ ಲ್ಯಾಪ್‌ಟಾಪಿಗೆ ಇಷ್ಟು ಫೋಟೋ ಹೊರುವ ಶಕ್ತಿ ಇರಲಿಲ್ಲ. ಒಂದು ಪುಟ ತಿರುಗಿಸಿ, ಎದ್ದು ಹೋಗಿ ಕಾಫಿ ಕುಡಿದು ಬಂದರೂ ಪರದೆಯ ಮೇಲೆ ಬಿಳೀ ಚಕ್ರ ತಿರುಗುತ್ತಲೇ ಇರುತ್ತಿತ್ತು. ಶಾಲೆಯ ಸಮಿತಿಯವರು ನಲವತ್ತು ದಿನ ಕೊಟ್ಟಿದ್ದರು. ತಪ್ಪಿದರೆ ಕೆಲಸ ಬೇರೆ ಊರಿನ ಪ್ರೆಸ್ಸಿಗೆ. ಹೊಸ ಲ್ಯಾಪ್‌ಟಾಪ್ ಕೊಳ್ಳಬಹುದಿತ್ತು, ಅದರ ಜತೆಗೆ ಒಂದೇ ಒಂದು ಹೆಚ್ಚುವರಿಯನ್ನೂ ಹಾಕಿಸಬಹುದಿತ್ತು. ಆದರೆ ಯಾವುದನ್ನು? ರ್‍ಯಾಮ್ ಹೆಚ್ಚು ಮಾಡಿಸುವುದೋ, ಡಿಸ್ಕ್ ದೊಡ್ಡದು ಹಾಕಿಸುವುದೋ, ಪ್ರೊಸೆಸರೋ, ಟಚ್ ಸ್ಕ್ರೀನೋ? ಕೇಳಿದವರೆಲ್ಲ ಒಂದೊಂದು ಹೇಳಿದ್ದರು.

"ಇವೆಲ್ಲ ಅಂದ್ರೆ ಏನಮ್ಮ?" ಎಂದು ನಿಜಗುಣಪ್ಪನವರು ತಲೆ ಸವರಿಕೊಳ್ಳುತ್ತ ಕೇಳಿದರು.

ಅವಳು ವಿವರಿಸಿದಳು. ಅವರು ಕಣ್ಣು ಮುಚ್ಚಿ ಕೇಳಿದರು, ಆಮೇಲೆ ಕಣ್ಣು ಬಿಟ್ಟರು. "ಹಂಗಾದ್ರೆ ಡಿಸ್ಕು ಅಂದ್ರೆ ಅಟ್ಟ. ಕಾಯಿ ಪೇರಿಸಿಡೋದು ಅಲ್ಲಿ. ರ್‍ಯಾಮು ಅಂದ್ರೆ ಅಂಗಳ, ಕೆಳಗಿಳಿಸಿ ಹರಡ್ಕೊಂಡು ಕೆಲಸ ಮಾಡೋ ಜಾಗ. ಪ್ರೊಸೆಸರು ಅಂದ್ರೆ ಕಾಯಿ ಸುಲಿಯೋನು. ಸರೀನಾ?"

ದಾಕ್ಷಾಯಣಿ ಬೆರಗಾದಳು. "ಎಷ್ಟು ಸರಿಯಾಗಿ ಹೇಳಿದ್ರಿ ದೊಡ್ಡಪ್ಪ!"

"ಮತ್ತೆ! ಕಾಯಾದ್ರೇನು, ಕಂಪ್ಯೂಟರಾದ್ರೇನು? ಮೇಲಿಂದ ನೋಡಿ ಒಳಗಿಂದು ಹೇಳೋದು ತಾನೆ? ನಡಿ, ಗುಣಗ್ರಾಹೀನ ಕರ್ಕೊಂಡು ಹೋಗೋಣ!"

ಅಷ್ಟು ಹೊತ್ತಿಗೆ ಉತ್ತರ ಅವರ ಬಾಯಲ್ಲೇ ಅರ್ಧ ಬಂದುಬಿಟ್ಟಿತ್ತು. ಆದರೆ ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರಲ್ಲ, ಹಾಗೆ ಇಬ್ಬರೂ ಅದನ್ನು ಅಲ್ಲೇ ಬಿಟ್ಟು ಯಂತ್ರವನ್ನು ಆಟೋಗೆ ಹತ್ತಿಸಿದರು. ಫೋಟೋಗಳನ್ನು ಹೊಸದಕ್ಕೆ ಹಾಕಿಸಿಕೊಳ್ಳಲು ದಾಕ್ಷಾಯಣಿ ಹಳೇ ಲ್ಯಾಪ್‌ಟಾಪನ್ನೂ ಬಗಲಿಗೆ ಏರಿಸಿದಳು. ಹೇಗೂ ಹೊಸದು ಬರುತ್ತದಲ್ಲ ಎಂದು ಅವಳು ಇನ್ನೊಂದು ಕಾಪಿ ಮಾಡಿಟ್ಟಿರಲಿಲ್ಲ.

ಜಬೀವುಲ್ಲಾನ ಕಂಪ್ಯೂಟರ್ ಅಂಗಡಿ ಒಂದು ಹಜಾರದಷ್ಟಿತ್ತು. ಗಾಜಿನ ಮೇಜಿನ ಮೇಲೆ ಏಳು ಹೊಸ ಲ್ಯಾಪ್‌ಟಾಪು ಬಾಯಿ ತೆರೆದು ಕೂತಿದ್ದವು. ಜಬೀವುಲ್ಲಾನ ಬಾಯಿಯಂತೂ ಮುಚ್ಚುವುದೇ ಇಲ್ಲ.

"ಬನ್ನಿ ಅಕ್ಕಾ, ಬನ್ನಿ ಯಜಮಾನ್ರೇ! ಇದು ನೋಡಿ, ಬೆಳ್ಳಿ ಬಣ್ಣದ್ದು, ಸೂಪರ್ ಮಾಡಲ್ಲು. ಕೀಬೋರ್ಡ್ ಕೆಳಗೆ ಲೈಟ್ ಬರುತ್ತೆ, ಏಳು ಬಣ್ಣ!"

"ಏಳು ಬಣ್ಣದ ಲೈಟ್ ಹಾಕ್ಕೊಂಡು ನಾನೇನು ಆರ್ಕೆಸ್ಟ್ರಾ ಮಾಡ್ತೀನಾ ಜಬೀ? ತಿಥಿ ಕಾರ್ಡ್ ಟೈಪ್ ಮಾಡೋಳು ನಾನು."

"ಹಂಗಾದ್ರೆ ಟಚ್ ಸ್ಕ್ರೀನು ತಗೊಳ್ಳಿ. ಬೆರಳಲ್ಲಿ ಮುಟ್ಟಿದ್ರೆ ಸಾಕು."

"ಮುಟ್ಟಿದ್ರೆ ಏನಾಗುತ್ತೆ?"

"ಏನಾಗುತ್ತೆ ಅಂದ್ರೆ... ಮುಟ್ಟಿದಂಗಾಗುತ್ತೆ!"

"ಮೂಗಿಗಿಂತ ಮೂಗುತಿ ಭಾರ," ಎಂದು ನಿಜಗುಣಪ್ಪನವರು ಗುಣಗ್ರಾಹಿಯನ್ನು ಮೇಜಿನ ಮೇಲೆ ಕುಕ್ಕಿದರು. "ನಿನ್ನ ಮಾತು ಸಾಕಪ್ಪ. ಒಳಗೆ ಏನಿದೆ ಅಂತ ಇದು ಹೇಳುತ್ತೆ."

ಜಬೀವುಲ್ಲಾ ಕುಕ್ಕರನ್ನು ಮೇಲಿಂದ ಕೆಳಗೆ ನೋಡಿದ. "ಯಜಮಾನ್ರೇ, ಎಷ್ಟು ವಿಷಲ್ ಕೂಗ್ಸಬೇಕು?"

ಕೆಂಪು ಸ್ವಿಚ್ಚು ಒತ್ತಿದರು. ಗುಣಗ್ರಾಹಿ ಬೆಳ್ಳಿ ಬಣ್ಣದ ಲ್ಯಾಪ್‌ಟಾಪನ್ನು ಮಡಿಚಿ ಎತ್ತಿಕೊಂಡಿತು. ಟಕ್ ಟಕ್. ಸ್ಟೆತಾಸ್ಕೋಪು ಇಟ್ಟಿತು. ಅಲುಗಾಡಿಸಿತು. ಜಬೀವುಲ್ಲಾನ ಎದೆಯೂ ಅದರ ಜತೆಗೇ ಅಲುಗಾಡಿತು.

"ಶಬ್ದ ಇಲ್ಲ. ಹಸಿ! ಇನ್ನೂ ಎಂಟು ತಿಂಗಳು ಅಟ್ಟದ ಮೇಲಿಡಿ!"

"ಹಸೀನಾ? ಮೊನ್ನೆ ಬಂದ ಮಾಲು ಇದು!" ಎಂದ ಜಬೀವುಲ್ಲಾ, ಆಮೇಲೆ ಸ್ವಲ್ಪ ಯೋಚಿಸಿ ತಲೆ ಕೆರೆದುಕೊಂಡ. "ಅಲ್ಲ, ಎಂಟು ತಿಂಗಳು ಬಿಟ್ರೆ ರೇಟ್ ಇಳಿಯೋದಂತೂ ನಿಜ. ಅದು ಹೆಂಗೆ ಗೊತ್ತಾಯ್ತು ಇದಕ್ಕೆ?"

ಏಳು ಲ್ಯಾಪ್‌ಟಾಪೂ ಹಸಿಯೇ! ದಾಕ್ಷಾಯಣಿಗೆ ಆಗ ಹೊಳೆಯಿತು. "ದೊಡ್ಡಪ್ಪ, ಲ್ಯಾಪ್‌ಟಾಪ್ ಒಳಗೆ ಗಡಗಡ ಅಂದ್ರೆ ಅದು ಕೆಟ್ಟಿದೆ ಅಂತ ಅರ್ಥ. ಶಬ್ದ ಬರದೇ ಇದ್ರೇನೇ ಒಳ್ಳೇದು!"

"ಹುಚ್ಚಿ! ಶಬ್ದ ಬರದೇ ಇರೋದು ಎಲ್ಲಾದ್ರೂ ಒಳ್ಳೇದಾಗಿರುತ್ತಾ?"

ನಲವತ್ತು ವರ್ಷದ ಕಿವಿ! ಒಂದು ಮಧ್ಯಾಹ್ನದಲ್ಲಿ ಬದಲಾಗುತ್ತದೆಯೇ? ಅವರಿಬ್ಬರೂ ವಾದಿಸುತ್ತಿರುವಾಗಲೇ ಗುಣಗ್ರಾಹಿ ಮೂಲೆಯಲ್ಲಿದ್ದ ಇನ್ನೊಂದು ಲ್ಯಾಪ್‌ಟಾಪಿಗೆ ಕೈ ಚಾಚಿತು. ಯಾರೋ ಬೈಕಿನಿಂದ ಬೀಳಿಸಿ ರಿಪೇರಿಗೆ ಕೊಟ್ಟಿದ್ದು ಅದು. ಎತ್ತಿದ್ದೇ ಒಳಗೆ ಮುರಿದು ಬಿದ್ದ ತುಂಡುಗಳೆಲ್ಲ ಗಡಗಡಗಡ ಎಂದವು.

"ಆಹಾ! ಏ ಒನ್ ಮಾಲು! ಕೊಡಬಹುದು!"

"ಅದು ಗುಜರಿಗೆ ಹಾಕೋದು!" ಎಂದು ಜಬೀವುಲ್ಲಾ ಕೂಗಿಕೊಂಡ.

ಯಂತ್ರದ ಬಲಗೈಯ ಗ್ಲೌಸಿನಿಂದ ಸಣ್ಣ ಸ್ಕ್ರೂಡ್ರೈವರೊಂದು ಹೊರಬಂತು. "ಇದು ಯಾಕೆ ದೊಡ್ಡಪ್ಪ?" ಎಂದಳು ದಾಕ್ಷಾಯಣಿ. "ಲ್ಯಾಪ್‌ಟಾಪಿಗೆ ಮಟ್ಟೆ ಇರಲ್ವಲ್ಲಮ್ಮ, ಸ್ಕ್ರೂ ಇರುತ್ತಲ್ಲ. ಅದಕ್ಕೇ ನಿನ್ನೆ ಕೂರಿಸಿದೆ," ಎಂದು ಅವರು ಹೆಮ್ಮೆಯಿಂದ ಹೇಳಿದರು. ಹೇಳಿ ಮುಗಿಸುವಷ್ಟರಲ್ಲಿ ಸರ ಸರ ಸರ! ಲ್ಯಾಪ್‌ಟಾಪಿನ ಕೆಳಚಿಪ್ಪು ಒಂದು ಕಡೆ, ಮೇಲ್ಚಿಪ್ಪು ಒಂದು ಕಡೆ. ಬ್ಯಾಟರಿ, ಡಿಸ್ಕು, ಫ್ಯಾನು, ರ್‍ಯಾಮು ಎಲ್ಲ ಸಾಲಾಗಿ ಮೇಜಿನ ಮೇಲೆ. ಸ್ಕ್ರೂಗಳು ಕೂಡ ಅಳತೆಯ ಪ್ರಕಾರ ಸಾಲಾಗಿ ಮಲಗಿದ್ದವು.

ಇಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಆದರೆ ಅಷ್ಟು ಹೊತ್ತು ಕೈ ಆಡಿಸಿದ ರಭಸಕ್ಕೆ ಅದರ ಕೆಂಪು ಸ್ವಿಚ್ಚು ಸಡಿಲವಾಗಿತ್ತು. ನಿಜಗುಣಪ್ಪನವರು ಒತ್ತಲು ಹೋದರೆ ಅದು ಗಡ ಎಂದಿತು. ಗುಣಗ್ರಾಹಿ ಥಟ್ಟನೆ ಕಿವಿಗೊಟ್ಟಿತು. "ಏ ಒನ್ ಮಾಲು!" ಎಂದು ತನ್ನ ಸ್ವಿಚ್ಚನ್ನು ತಾನೇ ಕಿತ್ತು ಸಾಲಿನ ಕೊನೆಗೆ ಇಟ್ಟುಬಿಟ್ಟಿತು!

"ಬ್ಯಾಟರಿ ತೆಗೀರಿ ಯಜಮಾನ್ರೇ!"

"ಬ್ಯಾಟರಿ ಕುಕ್ಕರ್ ಒಳಗಿದೆ ಕಣಯ್ಯಾ. ಮುಚ್ಚಳ ಗಟ್ಟಿ ಹಿಡ್ಕೊಂಡಿದೆ. ಅದನ್ನ ತೆಗೆಯೋಕೆ ನಮ್ಮ ಮನೆಯೋಳಿಗೆ ಮಾತ್ರ ಬರೋದು!"

ಆಮೇಲೆ ನಡೆದದ್ದನ್ನು ಹೇಳಿದರೆ ನಂಬುವುದು ಕಷ್ಟ. ಪೆಟ್ಟಿಗೆಯಲ್ಲಿದ್ದ ಮೌಸುಗಳು ಗಡಗಡ ಎಂದವು, ಬಿಚ್ಚಿಕೊಂಡವು. ಕೀಬೋರ್ಡು ಅಲುಗಾಡಿಸಿದರೆ ಕೀಲಿಗಳು ಕಟಕಟ ಎಂದವು, 'ಅ'ದಿಂದ 'ಳ'ದವರೆಗೆ ಸಾಲಾಗಿ ಮೇಜಿಗೆ ಬಂದವು. ತಡೆಯಲು ಹೋದ ಜಬೀವುಲ್ಲಾನನ್ನು ಭುಜ ಹಿಡಿದು ಅಲುಗಾಡಿಸಿತು. ಅವನ ಜೇಬಿನಲ್ಲಿ ಅಂಗಡಿಯ ಬೀಗದ ಕೈಗೊಂಚಲು ಇತ್ತು!

"ಏ ಒನ್ ಮಾಲು!"

"ಅಯ್ಯೋ! ನಾನು ಹಸಿ! ನಾನು ಪೂರ್ತಿ ಹಸಿ!" ಎಂದು ಕಿರುಚುತ್ತ ಅವನು ಮೇಜಿನ ಕೆಳಗೆ ನುಸುಳಿದ. ಸ್ಕ್ರೂ ಹುಡುಕುತ್ತಿದ್ದ ಯಂತ್ರದ ಕೈಗೆ ಅವನ ಅಂಗಿಯ ಎರಡು ಗುಂಡಿ ಮಾತ್ರ ಸಿಕ್ಕಿದವು. ಅವನ್ನೂ ಅದು ಸಾಲಿಗೆ ಸೇರಿಸಿತು.

ಎದ್ದು ಬಿದ್ದು ಓಡಾಡಿದ ಗಲಾಟೆಯಲ್ಲಿ ಮೇಜು ಅಲುಗಾಡಿತು. ಏಳು ಹೊಸ ಲ್ಯಾಪ್‌ಟಾಪುಗಳೂ ಒಂದಕ್ಕೊಂದು ತಾಗಿ ಗಡಗಡ ಎಂದವು. ಗುಣಗ್ರಾಹಿಗೆ ಅಷ್ಟೇ ಸಾಕಾಯಿತು. ಎಂಟು ತಿಂಗಳು ಕಾಯಬೇಕಾಗಿದ್ದ ಮಾಲು ಒಂದೇ ಗಳಿಗೆಯಲ್ಲಿ ಒಣಗಿತು! ಸರ ಸರ ಸರ ಎಂದು ಏಳೂ ಚಿಪ್ಪು ಬಿಟ್ಟವು.

"ಗಣಪತಿ ಮಾಡೋಕೆ ಹೋಗಿ ಅವರಪ್ಪನ್ನ ಮಾಡಿದ್ರಲ್ಲ ಯಜಮಾನ್ರೇ!" ಮೇಜಿನ ಕೆಳಗಿನಿಂದ ಜಬೀವುಲ್ಲಾನ ದನಿ ಅಳುವಂತಿತ್ತು.

"ಒಂದಕ್ಕೂ ಗೀರು ಬಿದ್ದಿಲ್ಲ ನೋಡು. ಎಂಥಾ ಕೈ!" ಎಂದರು ನಿಜಗುಣಪ್ಪ. ಅವರ ಕಣ್ಣಲ್ಲಿ ಭಯಕ್ಕಿಂತ ಮೆಚ್ಚುಗೆಯೇ ಹೆಚ್ಚಿತ್ತು.

ದಾಕ್ಷಾಯಣಿ ತನ್ನ ಹಳೇ ಲ್ಯಾಪ್‌ಟಾಪನ್ನು ಎದೆಗವುಚಿಕೊಂಡು ಬಾಗಿಲ ಕಡೆ ಸರಿಯುತ್ತಿದ್ದಳು. ಆದರೆ ಆ ಲ್ಯಾಪ್‌ಟಾಪಿನ ಕೀಲು ಮುರಿದು ವರ್ಷವಾಗಿತ್ತು. ಅವಳು ಇಟ್ಟ ಒಂದೊಂದು ಹೆಜ್ಜೆಗೂ ಅದು ಗಡ, ಗಡ ಎನ್ನುತ್ತಿತ್ತು. ಗುಣಗ್ರಾಹಿಯ ಸ್ಟೆತಾಸ್ಕೋಪು ಅವಳ ಕಡೆ ತಿರುಗಿತು. ಛತ್ರಿ ಕಡ್ಡಿಯ ಕೈ ಉದ್ದವಾಯಿತು, ಇನ್ನೂ ಉದ್ದವಾಯಿತು.

"ಬೇಡ! ದೊಡ್ಡಪ್ಪ, ಹಿಡ್ಕೊಳ್ಳಿ ಅದನ್ನ! ಫೋಟೋ ಎಲ್ಲಾ ಇದರಲ್ಲೇ ಇರೋದು! ಅಮ್ಮನ ಫೋಟೋ ಇದೆ!"

ಆ ಕೂಗಿಗೆ ನಿಜಗುಣಪ್ಪನವರ ಮೆಚ್ಚುಗೆಯೆಲ್ಲ ಇಳಿದುಹೋಯಿತು. ತಮ್ಮನ ಹೆಂಡತಿ ಎಂದರೆ ಅವರಿಗೆ ಒಡಹುಟ್ಟಿದ ತಂಗಿಯಂತೆ. ಅವರು ನುಗ್ಗಿ ಯಂತ್ರದ ಎಡಗೈ ಹಿಡಿದು ಜೋತುಬಿದ್ದರು. ಆದರೆ ಅದರೊಳಗಿದ್ದದ್ದು ಮೂರು ಜನಕ್ಕೆ ದೋಸೆ ಹಿಟ್ಟು ರುಬ್ಬುತ್ತಿದ್ದ ಮೋಟಾರು! ಬಲಗೈ ಲ್ಯಾಪ್‌ಟಾಪನ್ನು ಕಿತ್ತುಕೊಂಡೇಬಿಟ್ಟಿತು. "ಏ ಒನ್! ಹಳೇ ಮಾಲು, ಚೆನ್ನಾಗಿ ಒಣಗಿದೆ!" ಮೊದಲ ಸ್ಕ್ರೂ ಬಿಚ್ಚಿತು. ಎರಡನೆಯದು ಬಿಚ್ಚಿತು.

ಆಗ ದಾಕ್ಷಾಯಣಿಗೆ ದೊಡ್ಡಪ್ಪನ ಒಂದು ಮಾತು ನೆನಪಾಯಿತು: ಒಂದು ಗಂಟೆಗೆ ಊಟಕ್ಕೆ ಕೂಗೋದು ಕೂಡ ಇದರ ತಲೇಲಿದೆ. ಅವಳು ಫೋನ್ ತೆಗೆದು ದೊಡ್ಡಮ್ಮನಿಗೆ ಹಚ್ಚಿದಳು, ಸ್ಪೀಕರ್ ಒತ್ತಿದಳು.

"ದೊಡ್ಡಮ್ಮ! ಬೇಗ ದೊಡ್ಡಪ್ಪನ್ನ ಊಟಕ್ಕೆ ಕೂಗಿ! ಬೇಗ!"

"ಯಾಕೆ ಕೂಗಲಿ? ನನಗೂ ಅವರಿಗೂ ಮಾತಿಲ್ಲ. ಹೊಟ್ಟೆ ಹಸಿದ್ರೆ ಆ ಕುಕ್ಕರನ್ನೇ ತಿನ್ನಲಿ!"

"ಶಿವಗಂಗಾ," ಎಂದು ಯಂತ್ರದ ಕೈಗೆ ಜೋತುಬಿದ್ದಲ್ಲಿಂದಲೇ ನಿಜಗುಣಪ್ಪನವರು ಅಂಗಲಾಚಿದರು, "ಒಂದೇ ಒಂದು ಸಲ ಕರಿಯೇ!"

"ಮಿಕ್ಸಿ ಬಿಚ್ಚಿದ್ದು ತಪ್ಪಾಯ್ತು ಅನ್ನಿ."

ಮೂರನೆಯ ಸ್ಕ್ರೂ ಬಿಚ್ಚಿತು.

"ಅಲ್ಲ ಕಣೇ, ವಿಜ್ಞಾನಕ್ಕೋಸ್ಕರ..."

ನಾಲ್ಕನೆಯದು ಬಿಚ್ಚಿತು. ಕೆಳಚಿಪ್ಪು ಕಳಚಿ ಬಿತ್ತು.

"ದೊಡ್ಡಪ್ಪ!"

"ತಪ್ಪಾಯ್ತು! ತಪ್ಪಾಯ್ತು ಮಾರಾಯ್ತಿ! ಇನ್ನು ಅಡುಗೆಮನೆ ವಸ್ತು ಮುಟ್ಟಿದ್ರೆ ಕೇಳು!"

ಕೂಡಲೇ ಆ ಕಡೆಯಿಂದ, ತಿಪಟೂರಿನ ಅರ್ಧ ಪೇಟೆಗೆ ಕೇಳಿಸುವಂತೆ, "ರೀ! ಊಟಕ್ಕೆ ಬರ್ತೀರೋ ಇಲ್ವೋ!"

ಗುಣಗ್ರಾಹಿಯ ಎರಡೂ ಕೈ ನಿಂತವು. ಹಿಡಿದಿದ್ದನ್ನು ಮೆಲ್ಲಗೆ ಕೆಳಗಿಟ್ಟಿತು. "ಬಂದೆ ಕಣೇ, ಬಂದೆ!" ಎಂದು ಹೇಳಿ ಕೈ ಮಡಚಿ ಕೂತಿತು. ಸ್ವಲ್ಪ ಹೊತ್ತಿಗೆ ಸ್ಪೀಕರಿನಿಂದ ಗೊರಕೆ ಶುರುವಾಯಿತು.

"ಊಟ ಆದ್ಮೇಲೆ ಒಂದು ಗಂಟೆ ಮಲಗ್ತೀನಿ ನಾನು," ಎಂದು ನಿಜಗುಣಪ್ಪನವರು ನಾಚಿಕೊಂಡು ಹೇಳಿದರು. "ಅದನ್ನೂ ಕಲ್ತಿದೆ."

ಜಬೀವುಲ್ಲಾ ಮೇಜಿನ ಕೆಳಗಿನಿಂದ ಹೊರಬಂದು, ದಾಕ್ಷಾಯಣಿಯ ಹಳೇ ಲ್ಯಾಪ್‌ಟಾಪಿನಿಂದ ಡಿಸ್ಕನ್ನು ಬಿಡಿಸಿ ತಿರುಗಿಸಿ ನೋಡಿದ. ಅದನ್ನು ಒಂದು ಪುಟ್ಟ ಡಬ್ಬಿಗೆ ಹಾಕಿ, ತನ್ನ ಅಂಗಡಿಯ ದೊಡ್ಡ ಕಂಪ್ಯೂಟರಿಗೆ ವೈರು ಚುಚ್ಚಿದ. ಮೂವರೂ ಉಸಿರು ಬಿಗಿಹಿಡಿದು ನಿಂತರು. ಫೋಟೋಗಳು ಒಂದೊಂದಾಗಿ ಬಂದವು. ನಾನೂರಹನ್ನೆರಡೂ ಇದ್ದವು. ಎರಡು ಜಡೆ, ಒಂದೇ ಚಪ್ಪಲಿ, ಅದೂ ಇತ್ತು. ದಾಕ್ಷಾಯಣಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಷ್ಟು ಹೆದರಿದ್ದು ಅವಳಿಗೆ ಅಮ್ಮ ಹೋದ ಮೇಲೆ ಇದೇ ಮೊದಲು. "ಮೊದಲು ಎರಡು ಕಾಪಿ ಮಾಡು ಜಬೀ. ಉಳಿದದ್ದು ಆಮೇಲೆ," ಎಂದಳು.

ಕಾಪಿ ಆಗುತ್ತಿರುವಾಗ ಅವಳ ಕಣ್ಣು ಮೇಜಿನ ಮೇಲಿನ ಸಾಲುಗಳ ಮೇಲೆ ಬಿತ್ತು. ಏಳು ಲ್ಯಾಪ್‌ಟಾಪು, ಏಳು ಸಾಲು. ಕುತೂಹಲ ತಡೆಯಲಿಲ್ಲ.

"ಜಬೀ, ಈ ಸೂಪರ್ ಮಾಡಲ್ಲಿನ ಪ್ರೊಸೆಸರ್ರೂ ಆ ದಪ್ಪ ಕರೀದರ ಪ್ರೊಸೆಸರ್ರೂ ಒಂದೇ ಅಲ್ವೇನೋ? ನಂಬರ್ ನೋಡು."

ಜಬೀವುಲ್ಲಾ ಬಗ್ಗಿ ನೋಡಿದ. "ಒಂದೇ ಅಕ್ಕಾ."

"ಮತ್ತೆ ಬೆಳ್ಳೀದಕ್ಕೆ ಅಷ್ಟು ಹೆಚ್ಚು ಯಾಕೆ?"

"ತೆಳ್ಳಗಿದೆ... ಏಳು ಬಣ್ಣದ ಲೈಟಿದೆ... ಅಕ್ಕಾ, ನಿಜ ಹೇಳ್ತೀನಿ, ಎಲ್ಲಾ ಬಿಚ್ಚಿ ಪಕ್ಕಪಕ್ಕ ಇಟ್ಟು ನಾನೂ ಇವತ್ತೇ ನೋಡಿದ್ದು."

"ರ್‍ಯಾಮ್ ಎಲ್ಲಿ ಇದರಲ್ಲಿ?"

"ಬೋರ್ಡಿಗೇ ಬೆಸುಗೆ ಹಾಕಿಬಿಟ್ಟಿದ್ದಾರೆ. ಇದಕ್ಕೆ ಮುಂದೆ ಯಾವತ್ತೂ ಸೇರ್ಸೋಕಾಗಲ್ಲ. ಕರೀದರಲ್ಲಿ ನೋಡಿ, ರ್‍ಯಾಮಿಗೆ ಎರಡು ಗೂಡು, ಒಂದು ಖಾಲಿ. ಡಿಸ್ಕಿಗೂ ಇನ್ನೊಂದು ಗೂಡು ಖಾಲಿ ಬಿಟ್ಟಿದ್ದಾರೆ."

ದಾಕ್ಷಾಯಣಿ ದೊಡ್ಡಪ್ಪನ ಕಡೆ ತಿರುಗಿದಳು. "ನೀವೇ ಹೇಳಿದ್ರಲ್ಲ ದೊಡ್ಡಪ್ಪ, ಅಟ್ಟ, ಅಂಗಳ ಅಂತ. ನನ್ನ ಫೋಟೋ ಇಡೋಕೆ ಅಟ್ಟದಲ್ಲಿ ಜಾಗ ಇತ್ತು. ಹರಡಿಕೊಂಡು ಕೆಲಸ ಮಾಡೋಕೆ ಅಂಗಳ ಇರ್ಲಿಲ್ಲ. ಒಂದು ಪುಟಕ್ಕೆ ಹತ್ತು ಫೋಟೋ ಇಳಿಸಿದ್ರೆ, ಅದು ಮೇಲೆ ಹತ್ತಿಸೋದು, ಕೆಳಗೆ ಇಳಿಸೋದು, ಇದೇ ಮಾಡ್ತಾ ಕೂತಿರ್ತಿತ್ತು. ಅದಕ್ಕೇ ಆ ಬಿಳೀ ಚಕ್ರ!"

"ಅಂಗಳ ಚಿಕ್ಕದಾದ್ರೆ ಸುಲಿಯೋನು ಎಂಥಾ ಭೀಮನಾದ್ರೂ ಕೈಕಟ್ಟಿ ನಿಲ್ಬೇಕು," ಎಂದು ನಿಜಗುಣಪ್ಪನವರು ತಲೆದೂಗಿದರು.

"ಹಂಗಾದ್ರೆ ಕರೀದು ಕೊಡು ಜಬೀ. ಹೆಚ್ಚುವರಿ ರ್‍ಯಾಮ್ ಒಂದೇ. ಅಟ್ಟ ತುಂಬಿದಾಗ ಇನ್ನೊಂದು ಅಟ್ಟ ಕಟ್ಟಿಸ್ತೀನಿ. ಟಚ್ಚು, ಲೈಟು, ನಿನ್ನ ಆರ್ಕೆಸ್ಟ್ರಾ ಯಾವುದೂ ಬೇಡ."

ಜಬೀವುಲ್ಲಾ ಕರೀದನ್ನು ಜೋಡಿಸಿ, ಖಾಲಿ ಗೂಡಿಗೆ ರ್‍ಯಾಮ್ ಕೂರಿಸಿ ಕೊನೆಯ ಸ್ಕ್ರೂ ತಿರುಗಿಸುತ್ತಿದ್ದ. ಆಗ ಗೊರಕೆ ನಿಂತಿತು!

ಗುಣಗ್ರಾಹಿ ಮೈಮುರಿದು ಎದ್ದಿತು. ಮೂವರೂ ಕರೀದರ ಮೇಲೂ ಬಿಚ್ಚಿಟ್ಟ ಸಾಲುಗಳ ಮೇಲೂ ಬಿದ್ದು ಮುಚ್ಚಿಕೊಂಡರು. ಯಾರೂ ಉಸಿರಾಡಲಿಲ್ಲ, ಯಾವುದೂ ಅಲುಗಾಡಲಿಲ್ಲ. ಜಬೀವುಲ್ಲಾ ಬೀಗದ ಕೈಗೊಂಚಲನ್ನು ಬಾಯಲ್ಲಿ ಕಚ್ಚಿ ಹಿಡಿದಿದ್ದ. ಯಂತ್ರ ಎಡಕ್ಕೆ ಕಿವಿಗೊಟ್ಟಿತು, ಬಲಕ್ಕೆ ಕಿವಿಗೊಟ್ಟಿತು. ಕೆಲಸವಿಲ್ಲದೆ ಬೇಸರವಾಯಿತೋ ಏನೋ, ಕೊನೆಗೆ ತನ್ನ ಹೊಟ್ಟೆಯನ್ನೇ ಟಕ್ ಟಕ್ ಎಂದು ಬಡಿಯಿತು.

ಒಳಗೆ ಮಿಕ್ಸಿಯ ಮೋಟಾರು ಸಡಿಲವಾಗಿತ್ತು. ಗಡಗಡ!

ಗುಣಗ್ರಾಹಿ ಬೆಚ್ಚಿತು. ಇನ್ನೊಮ್ಮೆ ಅಲುಗಾಡಿಸಿಕೊಂಡಿತು. ಗಡಗಡಗಡ! "ಏ ಒನ್! ಏ ಒನ್! ನಲವತ್ತು ವರ್ಷದಲ್ಲಿ ಇಂಥಾ ಮಾಲು ನೋಡಿರ್ಲಿಲ್ಲ! ಎಷ್ಟಾದ್ರೂ ಕೊಡಬಹುದು!"

"ತನ್ನನ್ನ ತಾನೇ ಆರಿಸ್ಕೊಳ್ತು," ಎಂದ ನಿಜಗುಣಪ್ಪನವರ ಕಣ್ಣು ತುಂಬಿ ಬಂತು.

ಶಿವಗಂಗಮ್ಮನವರನ್ನು ಬಿಟ್ಟು ಇನ್ಯಾರಿಗೂ ಜಗ್ಗದ ಕುಕ್ಕರಿನ ಮುಚ್ಚಳ ಅದರ ಕೈಗೆ ಸಲೀಸಾಗಿ ಬಂತು. ಸ್ಟೆತಾಸ್ಕೋಪು ಇಳಿಯಿತು, ಸ್ಪೀಕರು ಇಳಿಯಿತು, ಎಡಗೈ ಕಳಚಿತು. ಬಲಗೈ ಒಂದೇ ಉಳಿದು, ಮಿಕ್ಸಿಯ ಮೋಟಾರನ್ನು ಎತ್ತಿ ಎಲ್ಲರ ಮುಂದಿಟ್ಟು, ಬ್ಯಾಟರಿಯ ವೈರನ್ನು ಮೆಲ್ಲಗೆ ಬಿಡಿಸಿತು. ಅಲ್ಲಿಗೆ ಗುಣಗ್ರಾಹಿ ಮುಗಿಯಿತು. ಮೋಟಾರಿನ ಮೇಲೆ ಒಂದು ಗೀರೂ ಇರಲಿಲ್ಲ.

ಉಳಿದ ಆರು ಲ್ಯಾಪ್‌ಟಾಪುಗಳನ್ನು ಜಬೀವುಲ್ಲಾನೂ ನಿಜಗುಣಪ್ಪನವರೂ ಸಂಜೆಯೊಳಗೆ ಜೋಡಿಸಿದರು. ಎಲ್ಲವೂ ಓಡಿದವು. ಎರಡು ಸ್ಕ್ರೂ ಮಾತ್ರ ಮಿಕ್ಕವು, ಯಾವುದರದ್ದು ಎಂದು ಇಂದಿಗೂ ಗೊತ್ತಿಲ್ಲ.

ಮೂವತ್ತೆಂಟನೆಯ ದಿನ ಸಂಚಿಕೆ ಅಚ್ಚಿಗೆ ಹೋಯಿತು. ಅಚ್ಚಾಗಿ ಬಂದ ಮೊದಲ ಪ್ರತಿ ಕೊಡಲು ದಾಕ್ಷಾಯಣಿ ದೊಡ್ಡಪ್ಪನ ಮನೆಗೆ ಬಂದಳು. ಶಿವಗಂಗಮ್ಮನವರು ಅಮ್ಮನ ಫೋಟೋ ಇದ್ದ ಪುಟ ತೆಗೆದು ಬಹಳ ಹೊತ್ತು ನೋಡಿದರು. "ಇನ್ನೊಂದು ಚಪ್ಪಲಿ ಎಲ್ಲಿ ಕಳ್ಕೊಂಡಿದ್ಲೋ," ಎಂದು ನಕ್ಕು ಮೂಗು ಒರೆಸಿಕೊಂಡರು. ಆಮೇಲೆ ಒಳಗೆ ಹೋಗಿ, ಬೇಕೆಂದೇ ಜೋರಾಗಿ ಮಿಕ್ಸಿ ಹಾಕಿ ಚಟ್ನಿ ರುಬ್ಬಿದರು.

ನಿಜಗುಣಪ್ಪನವರು ಹೊಸ ಲ್ಯಾಪ್‌ಟಾಪನ್ನು ಎತ್ತಿಕೊಂಡರು. ಟಕ್ ಟಕ್ ಬಡಿದರು. ಕಿವಿಯ ಹತ್ತಿರ ಹಿಡಿದು ಅಲುಗಾಡಿಸಿದರು. ಏನೂ ಕೇಳಿಸಲಿಲ್ಲ. ನಿಟ್ಟುಸಿರು ಬಿಟ್ಟು ಕೆಳಗಿಟ್ಟರು.

"ಏನೇ ಅನ್ನು ದಾಕ್ಷಾಯಣಿ, ನನ್ನ ಕಿವಿಗೆ ಇದಿನ್ನೂ ಹಸೀನೇ. ಆದ್ರೂ ಕೆಲಸ ಮುಗಿಸ್ತಲ್ಲ! ನನ್ನ ಯಂತ್ರ ಒಂದೇ ಒಂದನ್ನಾದ್ರೂ ಸರಿಯಾಗಿ ಹೇಳ್ತಾ ಅಂತ ನನಗೆ ಈಗ ಅನುಮಾನ ಬರ್ತಿದೆ."

ಶಿವಗಂಗಮ್ಮನವರು ಚಟ್ನಿಯ ಬಟ್ಟಲು ತಂದು ಅವರ ಮುಂದಿಟ್ಟು, ಬೋಳುತಲೆಯ ಮೇಲೆ ಬೆರಳಿನ ಗೆಣ್ಣಿನಿಂದ ಎರಡು ಸಲ ಮೆಲ್ಲಗೆ ಬಡಿದರು.

"ಲ್ಯಾಪ್‌ಟಾಪ್ ವಿಷ್ಯ ನನಗೊತ್ತಿಲ್ಲಪ್ಪ," ಎಂದರು. "ಅವತ್ತು ನಮ್ಮ ಹಿತ್ತಲಲ್ಲಿ ಇದನ್ನ ಬಡಿದು ಹೇಳಿದ್ದಂತೂ ಸರಿಯಾಗೇ ಇತ್ತು."